ಹಸುರು ಬರ

ಬರವೆಂದೊಡನೆ ಬಿರಿದ ನೆಲವೂ ಸೀದುಹೋದ ಪೈರೂ ಪಟ್ಟಣವಾಸಿಗಳಾದ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ 2023ನೆಯ ಇಸವಿಯಲ್ಲಿ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟಾಗ ಅನೇಕ ಹೊಲಗಳು ಹಸುರಾಗಿಯೇ ಇದ್ದವು. ಪರಿಶೀಲನೆಗೆ ಬಂದ ಕೇಂದ್ರದ ತಂಡಕ್ಕೆ ಇದು 'ಹಸುರು ಬರ'ವೆಂದು ರಾಜ್ಯ ಸರ್ಕಾರದವರು ವಿವರಿಸಬೇಕಾಯಿತು. ಇದನ್ನು ಕೇವಲ ಮಾತಿನ ಚಮತ್ಕಾರವೆಂದು ಭಾವಿಸುವವರು ಪೈರಿನ ದೇಹಧರ್ಮವನ್ನು ಸ್ವಲ್ಪ ಅರಿಯುವುದು ಅವಶ್ಯಕ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕೆಂಪು ನೆಲದ ರಾಗಿಯನ್ನೇ ತೆಗೆದುಕೊಳ್ಳೋಣ. ನೆಲವು ಆರತೊಡಗಿದಾಗ ಅದನ್ನು ಮೊದಲು ಅರಿಯುವುದು ಬೇರು. ಆಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ವಸ್ತುವು ಹೆಚ್ಚಿ, ಎಲೆಗಳ ಸೂಕ್ಷ್ಮರಂಧ್ರಗಳು ಮುಚ್ಚಿಕೊಳ್ಳುವಂತೆ ಮಾಡುತ್ತದೆ. ನೀರು ಉಳಿಯುವುದು ನಿಜ. ಆದರೆ ಆಹಾರವನ್ನು ಸಿದ್ಧಪಡಿಸಲು ಗಾಳಿಯಿಂದ ಬರಬೇಕಾದ ಇಂಗಾಲಾಮ್ಲವೂ ಅದೇ ಬಾಗಿಲಿನಲ್ಲಿ ತಡೆಯಲ್ಪಡುತ್ತದೆ. ಗಿಡವು ಎಲೆಯನ್ನು ಸುರುಳಿ ಸುತ್ತಿಕೊಂಡು, ಉಪವಾಸವಿದ್ದು ಜೀವ ಹಿಡಿಯುತ್ತದೆ. ಎಳೆಯ ರಾಗಿಯು ಹೀಗೆ ಕೆಲವು ವಾರ ತಾಳಿ, ಮಳೆ ಬಂದೊಡನೆ ಹೊಸ ತೆಂಡೆಗಳನ್ನೊಡೆದು ಚೇತರಿಸಿಕೊಳ್ಳುವುದನ್ನು ನಮ್ಮ ಒಕ್ಕಲಿಗರೆಲ್ಲರೂ ಬಲ್ಲರು. ಹೂವಾಡುವ ಕಾಲದಲ್ಲಿ ಮಳೆ ಕೈಕೊಟ್ಟರೆ ಮಾತು ಬೇರೆ. ಪರಾಗವು ಬಂಜೆಯಾಗುತ್ತದೆ; ಕಾಳು ಕಟ್ಟುವುದಿಲ್ಲ. ಬಳಿಕ ಸುರಿದ ಮಳೆಗೆ ಎಲೆ ಹಸುರಾದೀತು, ತೆನೆ ಮಾತ್ರ ಜೊಳ್ಳು. ಮುಸುಕಿನ ಜೋಳದ ಪಾಡು ಇನ್ನೂ ಕಷ್ಟ: ಸೂಲಂಗಿಯ ಪರಾಗವೆಲ್ಲ ಉದುರಿದ ಮೇಲೆ ತೆನೆಯ ಕೂದಲು ಹೊರಬರುತ್ತದೆ.

ಈ ವಿದ್ಯೆಗಾಗಿ ದೂರದೇಶಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪಂಡಿತರೇ 2017ರಲ್ಲಿ ಎಂ.ಎಲ್.-365 ಎಂಬ ರಾಗಿ ತಳಿಯ ವಂಶಲಿಪಿಯನ್ನು ಓದಿ ಪ್ರಕಟಿಸಿದರು.

ಬರವನ್ನು ನಿರ್ಣಯಿಸಲು ಕೇಂದ್ರವು 2016ರಲ್ಲಿ ಹೊರಡಿಸಿದ ಕೈಪಿಡಿಯು ಉಪಗ್ರಹದಿಂದ ಹೊಲಗಳ ಹಸುರನ್ನು ಅಳೆಯುವ ಕ್ರಮವನ್ನು ಹೇಳುತ್ತದೆ. ಹೊಲದಲ್ಲಿ ಪ್ರತ್ಯಕ್ಷ ತಪಾಸಣೆಯನ್ನೂ ಅದು ವಿಧಿಸಿರುವುದನ್ನು ನಾವು ಬಲ್ಲೆವು. ಆದರೆ ಆ ತಪಾಸಣೆ ರಸ್ತೆಯ ಬದಿಯಲ್ಲಿ ನಿಂತು ನೋಡಿದ್ದಾದರೆ ಅದೂ ಹಸುರಿನ ಲೆಕ್ಕವೇ. 2015ರಲ್ಲಿ ಬಂದ ನಿಯಮದಂತೆ ಶೇಕಡ 33ರಷ್ಟಾದರೂ ನಷ್ಟವಾದ ರೈತನಿಗಷ್ಟೇ ಪರಿಹಾರ. ಗರಿ ತುಂಬಿ ಕಾಳಿಲ್ಲದವನು ಪಟ್ಟಿಯಿಂದ ಬಿದ್ದುಹೋಗಬಾರದು. ಸಮೀಕ್ಷೆಯ ನಮೂನೆಯಲ್ಲಿ ಬಿತ್ತನೆಯ ತಾರೀಖನ್ನೂ, ಮಳೆ ನಿಂತಾಗ ಪೈರು ಯಾವ ಹಂತದಲ್ಲಿತ್ತೆಂಬುದನ್ನೂ ಬರೆಯತಕ್ಕದ್ದು. ಹೊಲದೊಳಗಿಳಿದು, ಹತ್ತು ಕಡೆಯ ತೆನೆಗಳನ್ನು ಅಂಗೈಯಲ್ಲಿ ಉಜ್ಜಿ ಊದಿ, ಉಳಿದ ಕಾಳನ್ನು ಕಂಡ ಮೇಲೆಯೇ ಅಧಿಕಾರಿಗಳು ರುಜು ಹಾಕುವಂತೆ ಕಂದಾಯ ಇಲಾಖೆಯವರು ಮುಂದಿನ ಮುಂಗಾರಿಗೆ ಮೊದಲೇ ಆಜ್ಞೆ ಹೊರಡಿಸಬೇಕು.