ಪುಕ್ಕಟೆ ಕರೆಂಟು ಬೇಡ ಅಂತಲ್ಲ, ಹಗಲು ಕರೆಂಟು ಬೇಕು ಅಂತ



ಈ ಸಲ ರಾಗಿ, ತೊಗರಿ ವಿಷಯ ಬರೆಯೋದಿಲ್ಲ. ಕರೆಂಟಿನ ವಿಷಯ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ. ಕೆಲವರಿಗೆ ಸಿಟ್ಟು ಬರಬಹುದು. ಬಂದರೆ ಕೆಳಗೆ ಬರೀರಿ, ಇಲ್ಲಾ ಸಂತೆಯಲ್ಲಿ ಸಿಕ್ಕಾಗ ಮುಖಕ್ಕೇ ಹೇಳಿ.

ನಮ್ಮ ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಪ್ಲಾಂಟ್ ಹಾಕಿ, ಆ ಕರೆಂಟನ್ನ ನಮ್ಮ ಪಂಪ್‌ಸೆಟ್ ಲೈನಿಗೆ ಹಗಲು ಹೊತ್ತಲ್ಲೇ ಬಿಡ್ತಾರೆ ಅಂತ ಮಾತು ನಡೀತಿರೋದು ನಿಮಗೆಲ್ಲ ಗೊತ್ತು. ಊರಲ್ಲಿ ಎರಡು ಗುಂಪಾಗಿದೆ. "ಸೋಲಾರ್ ಹಿಂದೆ ಮೀಟರ್ ಬರುತ್ತೆ, ಮೀಟರ್ ಹಿಂದೆ ಬಿಲ್ಲು ಬರುತ್ತೆ. ಏನೂ ಬೇಡ, ಈಗಿರೋದೇ ಇರಲಿ" ಅನ್ನೋರೇ ಜಾಸ್ತಿ. ನನ್ನ ಅಭಿಪ್ರಾಯ ಬೇರೆ. ಈಗಿರೋದು ಇರಬಾರದು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಲೆಕ್ಕ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008 ರಿಂದ ಬಿಲ್ಲಿಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ನನ್ನದು 5 ಎಚ್‌ಪಿ ಮೋಟರು, ಗಂಟೆಗೆ ಹೆಚ್ಚುಕಮ್ಮಿ 4 ಯೂನಿಟ್ ತಿನ್ನುತ್ತೆ. 7 ಗಂಟೆ ಓಡಿದರೆ 28 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದರೂ ದಿನಕ್ಕೆ 196 ರೂಪಾಯಿ. ವರ್ಷಕ್ಕೆ 200 ದಿನ ಓಡಿಸಿದರೆ 39,200 ರೂಪಾಯಿ. ಮೂರು ಎಕರೆ ಚಿಲ್ಲರೆ ಜಮೀನಿನ ನನ್ನಂಥವನು ಇದನ್ನ ಕೈಯಿಂದ ಕಟ್ಟಬೇಕು ಅಂದರೆ ಮಾರನೇ ದಿನವೇ ಬೋರಿನ ಮೇಲೆ ಕಲ್ಲು ಹಾಕಬೇಕು. ಹಂಗಾಗಿ ಪುಕ್ಕಟೆ ಬಿಟ್ಟುಕೊಡಿ ಅಂತ ನಾನು ಯಾರಿಗೂ ಹೇಳಲ್ಲ. ರಾಗಿಗೆ, ಹಾಲಿಗೆ ನ್ಯಾಯವಾದ ರೇಟು ಸಿಕ್ಕ ದಿನ ಆ ಮಾತಾಡೋಣ.

ಆದರೆ ಈ ಪುಕ್ಕಟೆಗೆ ನಾವು ಬೇರೆ ಕಡೆಯಿಂದ ಎಷ್ಟು ಕಟ್ತಿದೀವಿ ಅಂತ ಯಾರೂ ಕೂಡಿ ನೋಡಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಕಳೆದ ಮೂರು ವರ್ಷದ್ದು ನೋಡಿದೆ. ಮೋಟರು ಎರಡು ಸಲ ಸುಟ್ಟಿದೆ. ಎತ್ತೋದು, ರೀವೈಂಡಿಂಗ್, ಇಳಿಸೋದು ಸೇರಿ ಒಂದು ಸಲ 13,500, ಇನ್ನೊಂದು ಸಲ 15,000. ಸ್ಟಾರ್ಟರ್, ಕೇಬಲ್, ಫ್ಯೂಸು ಅಂತ 9,000. ಒಟ್ಟು 37,500. ವರ್ಷಕ್ಕೆ 12,500 ಆಯ್ತು. ಇದೂ ಒಂದು ಬಿಲ್ಲೇ. ಕರೆಂಟಿನ ಕಂಪನಿಗೆ ಕಟ್ಟಲ್ಲ, ರೀವೈಂಡಿಂಗ್ ಅಂಗಡಿಗೆ ಕಟ್ತೀವಿ, ಅಷ್ಟೇ ವ್ಯತ್ಯಾಸ.

ಮೋಟರು ಯಾಕೆ ಸುಡುತ್ತೆ? 25 ಕೆವಿಎ ಟಿಸಿ ಮೇಲೆ 5 ಎಚ್‌ಪಿಯ ಮೋಟರು ಐದು ಓಡಬಹುದು. ನಮ್ಮ ಟಿಸಿ ಮೇಲೆ ಒಂಬತ್ತಿವೆ. ಎಲ್ಲರ ಸ್ಟಾರ್ಟರಿಗೂ ಆಟೋ ಇದೆ. ರಾತ್ರಿ ಎಷ್ಟೊತ್ತಿಗೋ ತ್ರೀ ಫೇಸ್ ಬಂದ ಕೂಡಲೇ ಒಂಬತ್ತೂ ಒಟ್ಟಿಗೆ ಎದ್ದು ಎಳೀತವೆ. ಓಲ್ಟೇಜ್ ಬೀಳುತ್ತೆ, ಮೋಟರು ಕಾಯುತ್ತೆ, ಕಾಯಿಲ್ ಹೋಗುತ್ತೆ. ಇನ್ನು ನೀರಿನ ಕಥೆ. ಆಟೋ ಹಾಕಿ ಮಲಗಿದ ಮೇಲೆ ಒಂದು ಮಡಿ ತುಂಬಿ ಇನ್ನೊಂದು ಮಡಿಗೆ ಹರಿದು, ಬದು ದಾಟಿ ಹಳ್ಳ ಸೇರಿದರೂ ಕೇಳೋರಿಲ್ಲ. 900 ಅಡಿಯಿಂದ ಎತ್ತಿದ ನೀರು ಸ್ವಾಮಿ ಅದು!

ದುಡ್ಡಿನ ಮಾತು ಬಿಡಿ, ನಿದ್ದೆಯ ಮಾತಿಗೆ ಬರೋಣ. ನಮ್ಮ ತಂದೆಯವರ ಕಾಲಕ್ಕೆ ಕಪಿಲೆ ಇತ್ತು. ಎತ್ತು ಹಿಂದಕ್ಕೂ ಮುಂದಕ್ಕೂ ನಡೆದು ನೀರು ಎತ್ತಬೇಕು. ಕಷ್ಟ ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಬಿಸಿಲೇರಿದರೆ ಎತ್ತು ಬಿಚ್ಚಬೇಕಿತ್ತು, ಕತ್ತಲಾದರೆ ಮನೆಗೆ ಬರಬೇಕಿತ್ತು. ಎತ್ತಿಗೆ ಸುಸ್ತಾದರೆ ಮನುಷ್ಯನಿಗೂ ರಜ. ಕರೆಂಟು ಬಂದಾಗ ಎತ್ತಿನ ಕಷ್ಟ ತಪ್ಪಿತು, ನಮ್ಮ ರಾತ್ರಿ ಹೋಯಿತು. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಿದವನಿಗೆ ಮಾರನೇ ದಿನ ಮಲಗೋಕೆ ಬಿಡ್ತಾರೆ. ನಮಗೆ ರಾತ್ರಿ ನೀರು ಕಟ್ಟಿ ಬಂದರೆ ಬೆಳಿಗ್ಗೆ ಐದೂವರೆಗೆ ಹಸು ಕರೆಯುತ್ತೆ, ಡೇರಿ ಬಾಗಿಲು ಮುಚ್ಚೋದರೊಳಗೆ ಹಾಲು ಹಾಕಬೇಕು. ಐವತ್ತು ದಾಟಿದ ಮೈ ಇದು, ಎಷ್ಟು ವರ್ಷ ತಡೆಯುತ್ತೆ?

ಕತ್ತಲಲ್ಲಿ ಹಾವು, ಚಿರತೆ, ಕರಡಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟೋದು. ಇವನ್ನ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಎರಡು ವರ್ಷದ ಹಿಂದೆ ಪಕ್ಕದ ಊರಲ್ಲಿ ಗೇಟ್‌ವಾಲ್ ತಿರುಗಿಸೋಕೆ ಹೋದವರಿಗೆ ಮಂಡಲದ ಹಾವು ಕಚ್ಚಿ, ಆಸ್ಪತ್ರೆ ಸೇರೋದರೊಳಗೆ ತಡ ಆಯ್ತು. ಉಳಿಯಲಿಲ್ಲ. 2024 ರಲ್ಲಿ ನಮ್ಮ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ಆದೇಶ ಮಾಡ್ತು. ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಆ ಮನುಷ್ಯ ಗದ್ದೆಯಲ್ಲಿ ಯಾಕಿದ್ದ ಅಂತಲೂ ಒಂದು ಕಾಲಂ ಇರಬೇಕಿತ್ತು.

ನಮ್ಮ ಹುಡುಗರು ಜಮೀನಿಗೆ ಇಳಿಯಲ್ಲ ಅಂತ ನಾವು ಅರಳಿಕಟ್ಟೆ ಮೇಲೆ ಕೂತು ಬೈತೀವಲ್ಲ, ಅದರಲ್ಲೂ ನನಗೆ ಬೇರೆ ಅಭಿಪ್ರಾಯ ಇದೆ. ಹುಡುಗರು ಸೋಮಾರಿಗಳಲ್ಲ. ಬೆಂಗಳೂರಲ್ಲಿ ಕ್ಯಾಬ್ ಓಡಿಸೋ ಹುಡುಗ ದಿನಕ್ಕೆ ಹದಿನಾಲ್ಕು ಗಂಟೆ ದುಡೀತಾನೆ. ಆದರೆ ಯಾವಾಗ ಶುರು, ಯಾವಾಗ ಮುಗಿಯುತ್ತೆ ಅಂತ ಅವನಿಗೆ ಗೊತ್ತಿರುತ್ತೆ. ನಮ್ಮ ಕೆಲಸಕ್ಕೆ ಹೊತ್ತು ಗೊತ್ತಿಲ್ಲ. ಈ ವಾರ ಹಗಲು, ಮುಂದಿನ ವಾರ ರಾತ್ರಿ, ಅದೂ ಮಧ್ಯೆ ಮೂರು ಸಲ ಟ್ರಿಪ್. ಇಂಥ ಮನೆಗೆ ಮಗಳನ್ನ ಕೊಡ್ತೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. 2023 ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಆಗ ನಗಾಡಿದವರಿದ್ದಾರೆ. ನನಗೆ ನಗು ಬರಲಿಲ್ಲ. ಇನ್ನೊಂದು ಮಾತು. ಗಂಡಸರು ಪಟ್ಟಣಕ್ಕೆ ಹೋದ ಮನೆಗಳಲ್ಲಿ ಬೇಸಾಯ ನಡೆಸ್ತಿರೋರು ಹೆಂಗಸರು. ರಾತ್ರಿ ಕರೆಂಟು ಅಂದರೆ ಅವರು ನೀರು ಕಟ್ಟಿಸೋಕೆ ಯಾರದಾದರೂ ಕೈಕಾಲು ಹಿಡೀಬೇಕು. ಇದರ ಬಗ್ಗೆ ಯಾವ ಸಭೆಯಲ್ಲೂ ಮಾತು ಬರಲ್ಲ, ಯಾಕಂದರೆ ಸಭೆಯಲ್ಲಿ ಕೂರೋರು ನಾವು ಗಂಡಸರೇ.

ಇಷ್ಟಕ್ಕೂ ನಮಗೆ ರಾತ್ರಿಯೇ ಯಾಕೆ ಬಂತು? ನಮ್ಮ ನಾಡಲ್ಲಿ 1902 ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905 ರಲ್ಲಿ ಬೆಂಗಳೂರಿನ ಬೀದಿಗೆ. ಅಲ್ಲಿಂದ ಇವತ್ತಿನವರೆಗೂ ಸಾಲು ಅದೇ. ಮೊದಲು ಫ್ಯಾಕ್ಟರಿ, ಆಮೇಲೆ ಪಟ್ಟಣ, ಉಳಿದಿದ್ದು ರೈತನಿಗೆ. ರಾಯಚೂರಿನಂಥ ಕಲ್ಲಿದ್ದಲ ಘಟಕವನ್ನ ಸಂಜೆ ಆರಿಸಿ ಬೆಳಿಗ್ಗೆ ಹಚ್ಚೋಕಾಗಲ್ಲ. ರಾತ್ರಿ ಪಟ್ಟಣ ಮಲಗಿದ ಮೇಲೆ ಕರೆಂಟು ಮಿಗ್ತಿತ್ತು. ಆ ಮಿಕ್ಕಿದ್ದನ್ನ ನಮ್ಮ ಕಡೆ ತಿರುಗಿಸಿದರು. ಆಗ ಅದಕ್ಕೊಂದು ಕಾರಣ ಇತ್ತು, ಒಪ್ಪಿಕೊಳ್ಳೋಣ.

ಈಗ ಆ ಕಾರಣ ಎಲ್ಲಿದೆ? ನಮ್ಮದೇ ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್. ಸೋಲಾರ್ ಕರೆಂಟು ಹುಟ್ಟೋದು ಬೆಳಿಗ್ಗೆಯಿಂದ ಸಂಜೆವರೆಗೆ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಹುಟ್ಟೋ ಕರೆಂಟನ್ನ ಆ ಹೊತ್ತಿಗೇ ಬಳಸಿದರೆ ಎಲ್ಲರಿಗೂ ಲಾಭ, ಇಟ್ಟುಕೊಳ್ಳಬೇಕು ಅಂದರೆ ದೊಡ್ಡ ಬ್ಯಾಟರಿ ಬೇಕು, ಖರ್ಚು. ನೀರಿಗೆ ಬ್ಯಾಟರಿ ಬೇಡ, ತೊಟ್ಟಿ ಸಾಕು. ಹಗಲು ಕರೆಂಟಿಗೆ ಪಂಪ್‌ಸೆಟ್ಟಿನಷ್ಟು ಹೊಂದೋ ಗಿರಾಕಿ ಇನ್ಯಾರಿದ್ದಾರೆ? ಜಿಲ್ಲೆಯ ಬಿಸಿಲಲ್ಲಿ ಹಗಲು ಕರೆಂಟು ಹುಟ್ಟುತ್ತೆ, ಅದೇ ಜಿಲ್ಲೆಯ ರೈತ ರಾತ್ರಿ ಬ್ಯಾಟ್ರಿ ಹಿಡಿದು ತೋಟಕ್ಕೆ ಹೋಗ್ತಾನೆ. ಇದು ನ್ಯಾಯನಾ?

ಆಗದ ಕೆಲಸ ಏನಲ್ಲ ಇದು. ಗುಜರಾತಲ್ಲಿ 2020 ರಲ್ಲಿ ಕಿಸಾನ್ ಸೂರ್ಯೋದಯ ಅಂತ ಯೋಜನೆ ಮಾಡಿ, ರೈತರಿಗೆ ಬೆಳಿಗ್ಗೆ 5 ರಿಂದ ರಾತ್ರಿ 9 ರೊಳಗೇ ತ್ರೀ ಫೇಸ್ ಕೊಡಬೇಕು ಅಂತ ಶುರು ಮಾಡಿದರು. ಕೇಂದ್ರದ ಕುಸುಮ್ ಯೋಜನೆ 2019 ರಿಂದ ಇದೆ. ಅದರ ಒಂದು ಭಾಗವೇ ಈ ಫೀಡರ್ ಸೋಲಾರ್. ನಮ್ಮ ರಾಜ್ಯದಲ್ಲೂ ಗೌರಿಬಿದನೂರು ಕಡೆ ಶುರುವಾಗಿದೆ.

ಮೀಟರಿನ ಭಯದ ಬಗ್ಗೆ ಹೇಳಲೇಬೇಕು. ಭಯ ಸುಳ್ಳಲ್ಲ. ಹಸಿರು ಶಾಲು ಹಾಕಿ ಹೋರಾಡಿದ ಹಿರಿಯರು ಮೀಟರ್ ಬೇಡ ಅಂದಿದ್ದಕ್ಕೆ ಕಾರಣ ಇತ್ತು. ಆದರೆ ಅಳೆಯೋದು ಬೇರೆ, ವಸೂಲಿ ಬೇರೆ. ಅಳತೆ ಇಲ್ಲದೇ ಇದ್ದರೆ ಕಂಪನಿಯವರು ಬರೆದಿದ್ದೇ ಲೆಕ್ಕ. ಲೈನಿನಲ್ಲಿ ಸೋರಿದ್ದು, ಕದ್ದಿದ್ದು ಎಲ್ಲ ರೈತನ ತಲೆಗೆ ಕಟ್ಟೋಕೆ ಸುಲಭ. ಪಂಜಾಬಲ್ಲೂ ನಮ್ಮಂಗೇ ಪುಕ್ಕಟೆ ಕರೆಂಟು. ಅಲ್ಲಿ 2018 ರಲ್ಲಿ ಒಂದು ಯೋಜನೆ ತಂದರು. ಇಷ್ಟವಿದ್ದ ರೈತ ಮೀಟರ್ ಹಾಕಿಸ್ಕೋಬಹುದು, ಅವನಿಗೆ ಇಂತಿಷ್ಟು ಯೂನಿಟ್ ಅಂತ ಗೊತ್ತು ಮಾಡ್ತಾರೆ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಅವನ ಖಾತೆಗೆ. ಬಿಲ್ಲು ಇಲ್ಲ. ಇಂಥದ್ದು ಕೊಡ್ತೀವಿ ಅಂತ ಬರವಣಿಗೆಯಲ್ಲಿ ಕೊಟ್ಟರೆ ನಾನು ಮೊದಲು ಮೀಟರ್ ಹಾಕಿಸ್ತೀನಿ. ಡ್ರಿಪ್ ಇರೋನಿಗೆ ಇದರಲ್ಲಿ ಲಾಭವೇ. ಬಾಯಿ ಮಾತಲ್ಲಿ ಹೇಳಿದರೆ ಮಾತ್ರ ನಾನೂ ನಿಮ್ಮ ಜೊತೆ ವಿರೋಧಕ್ಕೆ ಕೂರ್ತೀನಿ.

ಇನ್ನು ಜಾಗದ ವಿಷಯ. ಇಲ್ಲಿ ವಿರೋಧ ಮಾಡೋರ ಮಾತು ಅರ್ಧ ಸರಿ ಇದೆ. ಒಂದು ಮೆಗಾವ್ಯಾಟಿಗೆ ಸುಮಾರು 4 ಎಕರೆ ಬೇಕು. ಅದಕ್ಕೆ ಗೋಮಾಳ ಕೊಟ್ಟುಬಿಟ್ಟರೆ ಕುರಿ ಮೇಯಿಸೋರು ಎಲ್ಲಿಗೆ ಹೋಗಬೇಕು? ಪಾವಗಡದಲ್ಲಿ ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆ ಗೊತ್ತಾಯ್ತು. ಜಮೀನಿಲ್ಲದ ಕೂಲಿಯವರಿಗೆ, ಕುರಿಯವರಿಗೆ ಏನು ಬಂತು? ಮೇವು ಹೋಯ್ತು, ಕೂಲಿ ಹೋಯ್ತು. ನಮ್ಮಲ್ಲಿ ಹಂಗಾಗಬಾರದು. ಸಬ್‌ಸ್ಟೇಷನ್ ಹತ್ತಿರವೇ ಕಲ್ಲುಭೂಮಿ ಇಟ್ಟುಕೊಂಡು ಬೀಳು ಬಿಟ್ಟಿರೋ ಖಾಸಗಿಯವರು ಇದ್ದಾರೆ, ಅವರದ್ದು ಗುತ್ತಿಗೆಗೆ ತಗೊಳ್ಳಲಿ. ಕಾವಲಿಗೆ, ಪ್ಯಾನಲ್ ತೊಳೆಯೋಕೆ ಊರಿನ ಜಮೀನಿಲ್ಲದ ಮನೆಯವರನ್ನೇ ತಗೋಬೇಕು ಅಂತ ಷರತ್ತು ಹಾಕೋಣ.

ಅಲ್ಲಿವರೆಗೆ ಕೈಕಟ್ಟಿ ಕೂರೋದು ಬೇಡ. ನಮ್ಮ ಕೈಯಲ್ಲೇ ಇರೋ ಕೆಲಸ ಇದೆ. ಒಂದೊಂದು ಟಿಸಿಯವರು ಕೂತು ಪಾಳಿ ಮಾಡಿಕೊಳ್ಳಿ. ಒಂಬತ್ತು ಮೋಟರಲ್ಲಿ ಇವತ್ತು ಐದು, ನಾಳೆ ನಾಲ್ಕು. ಆಟೋ ತೆಗೆಯೋಕೆ ಆಗಲ್ಲ ಅನ್ನೋರು ಪ್ಯಾನಲ್ ಬೋರ್ಡಿಗೆ ಟೈಮರ್ ಹಾಕಿಸಿ, ಒಬ್ಬರದಾದ ಮೇಲೆ ಒಬ್ಬರದು ಎರಡು ಮೂರು ನಿಮಿಷ ಬಿಟ್ಟು ಏಳೋ ಹಂಗೆ ಇಡಿ. ಕೆಪಾಸಿಟರ್ ಕೆಟ್ಟಿದ್ದರೆ ಬದಲಿಸಿ. ಮೇಲಿನ ತೋಟದ ನಾಲ್ಕು ಜನ ಕಳೆದ ಬೇಸಿಗೆಯಿಂದ ಪಾಳಿ ಮಾಡ್ತಿದಾರೆ. ಇವತ್ತಿನವರೆಗೆ ಅವರ ಒಂದು ಮೋಟರೂ ಮೇಲೆ ಬಂದಿಲ್ಲ. ಬೇಕಾದರೆ ಹೋಗಿ ಕೇಳಿ.

ಮುಂದಿನ ಗ್ರಾಮಸಭೆಗೆ ಒಂದು ಅರ್ಜಿ ಬರೆದಿದೀನಿ. ಮೂರೇ ಮಾತು ಇದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಹಗಲಲ್ಲೇ, ಗೊತ್ತಾದ ಹೊತ್ತಿಗೆ ಕೊಡಬೇಕು. ಗೋಮಾಳ ಮುಟ್ಟಬಾರದು. ಮೀಟರ್ ಹಾಕೋದಾದರೆ ಬಿಲ್ಲಿಲ್ಲ, ಉಳಿಸಿದ್ದಕ್ಕೆ ದುಡ್ಡು ಅಂತ ಬರೆದು ಕೊಟ್ಟ ಮೇಲೆ. ಡೇರಿಯಲ್ಲಿ ಇಟ್ಟಿರ್ತೀನಿ, ಹಾಲು ಹಾಕೋಕೆ ಬಂದಾಗ ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪಿಗೆ ಇಲ್ಲದವರು ಯಾಕೆ ಅಂತ ಕೆಳಗೆ ಬರೀರಿ. ಮನೆಯ ಹೆಂಗಸರನ್ನೂ ಸಭೆಗೆ ಕರ್ಕೊಂಡು ಬನ್ನಿ. ಮನೆಯಲ್ಲಿ ಯಾರು ಎಷ್ಟೊತ್ತಿಗೆ ಏಳ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.