ಮೊದಲು ಕತ್ತರಿ, ಆಮೇಲೆ ಕ್ಯಾಮರಾ

ಕಳೆದ ವರ್ಷ ನಾವು ಐವರು ವಿದ್ಯಾರ್ಥಿಗಳು ಸೇರಿ ಎಂಟು ನಿಮಿಷಗಳ ಒಂದು ಚಲಚ್ಚಿತ್ರವನ್ನು ತಯಾರಿಸಿದ ಸಂಗತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ವಾರ್ಷಿಕೋತ್ಸವದ ದಿನ ಅದನ್ನು ನೋಡಿ ಚಪ್ಪಾಳೆ ತಟ್ಟಿದವರ ಔದಾರ್ಯಕ್ಕೆ ನಾವು ಋಣಿಗಳು. ಆದರೆ ಆ ಚಿತ್ರದಲ್ಲಿ ಏನಿರಲಿಲ್ಲವೆಂಬುದು ನಮಗೆ ಮಾತ್ರ ಗೊತ್ತು. ಅದನ್ನು ಒಪ್ಪಿಕೊಂಡು ಒಂದು ಮಾತನ್ನು ಹೇಳಬೇಕೆಂದಿದ್ದೇನೆ. ಕ್ಯಾಮರಾ ಹಿಡಿಯುವ ಮುನ್ನ ವಿದ್ಯಾರ್ಥಿಯು ಸಂಕಲನವನ್ನು ಕಲಿಯಬೇಕು.

ನಾವು ಮಾಡಿದ್ದು ಇದಕ್ಕೆ ತೀರ ವಿರುದ್ಧ. ಗೆಳೆಯನ ಸೋದರಮಾವನಿಂದ ಎರಡು ದಿನಗಳ ಮಟ್ಟಿಗೆ ಕ್ಯಾಮರಾ ಎರವಲು ತಂದೆವು. ಮೊದಲ ದಿನದ ಅರ್ಧಭಾಗ ಅದರ ಗುಂಡಿಗಳ ಪರಿಚಯಕ್ಕೇ ಹೋಯಿತು. ಗ್ರಂಥಾಲಯದ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿನುಗತೊಡಗಿದಾಗ, ಪರರ ವಸ್ತು ಕೆಟ್ಟಿತೆಂದು ಎಲ್ಲರ ಎದೆ ಹಾರಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಷಟರ್ ವೇಗವನ್ನು ಸೆಕೆಂಡಿನ 50ನೆಯ ಒಂದು ಭಾಗಕ್ಕೆ ಇಟ್ಟರೆ ಮಿನುಗು ನಿಲ್ಲುತ್ತದೆಂದು ವಿಜ್ಞಾನ ಓದುವ ಮಿತ್ರನೊಬ್ಬ ಹೇಳಿದ ಮೇಲೆಯೇ ಉಸಿರಾಡಿದ್ದು.

ಚಿತ್ರದ ನಾಯಕರು ನಮ್ಮ ಗ್ರಂಥಾಲಯದ ಹಿರಿಯ ಅಟೆಂಡರು. ಅವರ ಸೇವೆಯ ಕಡೆಯ ದಿನದ ಸಂಜೆ, ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಬಾಗಿಲಿಗೆ ಬೀಗ ಹಾಕಿ, ಬೀಗವನ್ನೊಮ್ಮೆ ಜಗ್ಗಿ ನೋಡಿ ಅವರು ಹೊರಡುವುದೇ ಕೊನೆಯ ದೃಶ್ಯ. ಅದನ್ನು ದೂರದಿಂದ, ಒಂದೇ ಎಡೆಯಿಂದ, ಒಂದೇ ಸಲ ತೆಗೆದೆವು. ಅದೂ "ಕಟ್" ಎಂದು ಕೂಗುವ ಉತ್ಸಾಹದಲ್ಲಿ, ಅವರು ಬೀಗ ಜಗ್ಗುವ ಮೊದಲೇ ಕೂಗಿಬಿಟ್ಟೆವು.

"ಆಯ್ತೇನಪ್ಪಾ?" ಎಂದು ಅವರು ನಮ್ಮತ್ತ ತಿರುಗಿ ಕೇಳಿದರು.

"ಆಯ್ತಣ್ಣಾ, ಬಹಳ ಚೆನ್ನಾಗಿ ಬಂತು" ಎಂದೆವು.

ಮೂರು ವಾರಗಳ ಮೇಲೆ ಗಣಕಯಂತ್ರದ ಮುಂದೆ ಕುಳಿತೆವು. ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಒಂದು ಆವೃತ್ತಿ ಉಚಿತವಾಗಿಯೇ ಸಿಗುತ್ತದೆ. ಆದರೆ ನಮ್ಮ ಹಳೆಯ ಯಂತ್ರಕ್ಕೆ ದೊಡ್ಡ ಕಡತಗಳ ಭಾರ ತಡೆಯಲಿಲ್ಲ. ಅವುಗಳ ಹಗುರವಾದ ಕಿರುಪ್ರತಿಗಳನ್ನು ಮಾಡಿಕೊಂಡು ಕೆಲಸ ನಡೆಸಬಹುದೆಂದು ತಿಳಿಯಲು ಒಂದು ವಾರ ಬೇಕಾಯಿತು. ಕಡೆಯ ದೃಶ್ಯಕ್ಕೆ ಬಂದಾಗ ಎಲ್ಲರೂ ಮೌನವಾದೆವು. ದೃಶ್ಯ ಬಹಳ ಉದ್ದ. ಮೊಟಕು ಮಾಡೋಣವೆಂದರೆ ಕಿಟಕಿಗೂ ಬಾಗಿಲಿಗೂ ನಡುವೆ ಇಡಲು ಏನೂ ಇಲ್ಲ. ಅವರ ಕೈಗಳಿಲ್ಲ, ಬೀಗದಕೈಗಳ ಗೊಂಚಲಿಲ್ಲ, ಮುಖವಂತೂ ಇಲ್ಲವೇ ಇಲ್ಲ. ಅವರು ಆಗಲೇ ಮಗಳ ಊರು ಸೇರಿದ್ದರು. ಕರೆದರೆ ಬರುತ್ತಿದ್ದರೇನೋ, ಆದರೆ ಆ ಸಂಜೆ ಬರುತ್ತಿರಲಿಲ್ಲ.

1919ರಲ್ಲಿ ಮಾಸ್ಕೋದಲ್ಲಿ ಚಲಚ್ಚಿತ್ರ ಶಾಲೆ ಆರಂಭವಾದಾಗ ರಷ್ಯದಲ್ಲಿ ಅಂತರ್ಯುದ್ಧ. ಕಚ್ಚಾ ಫಿಲ್ಮಿಗೆ ಬರಗಾಲ. ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವನ ಶಿಷ್ಯರು ಅನ್ಯರು ತೆಗೆದ ಚಿತ್ರಗಳನ್ನೇ ಕತ್ತರಿಸಿ, ಬೇರೆ ಕ್ರಮದಲ್ಲಿ ಜೋಡಿಸಿ ವಿದ್ಯೆ ಕಲಿತರು. ನಟನೊಬ್ಬನ ಭಾವಶೂನ್ಯ ಮುಖದ ಪಕ್ಕದಲ್ಲಿ ಸೂಪಿನ ಬಟ್ಟಲನ್ನಿಟ್ಟರೆ ಹಸಿವೂ, ಶವಪೆಟ್ಟಿಗೆಯನ್ನಿಟ್ಟರೆ ದುಃಖವೂ ಅದೇ ಮುಖದಲ್ಲಿ ಕಾಣುವುದೆಂಬ ಪ್ರಯೋಗ ಇಂದಿಗೂ ಅವನ ಹೆಸರಿನಲ್ಲೇ ಇದೆ. ಬಡತನದ ಪಾಠವೆಂದು ಇದನ್ನು ತಳ್ಳಿಹಾಕುವಂತಿಲ್ಲ.

ಛಾಯಾಗ್ರಹಣವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 'ಕಾಗಜ್ ಕೇ ಫೂಲ್' (1959) ಚಿತ್ರದ ಬೆಳಕನ್ನು ಕಂಡವರು, ಮೈಸೂರಿನ ವಿ. ಕೆ. ಮೂರ್ತಿಯವರ ಕಣ್ಣನ್ನು ಮರೆಯಲಾರರು. ಆದರೆ ಅಂಥ ಕಣ್ಣು ಎರಡು ದಿನದ ಎರವಲು ಕ್ಯಾಮರಾದಿಂದ ಬಾರದು.

ಈ ವರ್ಷ ಕಾಲೇಜಿಗೊಂದು ಹೊಸ ಕ್ಯಾಮರಾ ಬೇಕೆಂಬ ಬೇಡಿಕೆ ವಿದ್ಯಾರ್ಥಿಸಂಘದಲ್ಲಿ ಎದ್ದಿದೆ. ಮಿತ್ರರು ಕ್ಷಮಿಸಬೇಕು, ನಾನು ಅದಕ್ಕೆ ಕೈ ಎತ್ತಲಾರೆ. ಕ್ಯಾಮರಾ ಈಗಾಗಲೇ ಪ್ರತಿಯೊಬ್ಬರ ಫೋನಿನಲ್ಲಿದೆ; ಇಲ್ಲದಿರುವುದು ಸಂಕಲನಕ್ಕೆ ಕುಳಿತುಕೊಳ್ಳುವ ಜಾಗ, ವೇಳೆ. ನಾಲ್ಕು ಗಂಟೆಗೆ ಮುಚ್ಚುವ ಗಣಕ ಪ್ರಯೋಗಶಾಲೆಯನ್ನು ವಾರಕ್ಕೆ ಎರಡು ದಿನವಾದರೂ ಆರರವರೆಗೆ ತೆರೆದಿಟ್ಟರೆ ಸಾಕು. ನಾವು ತೆಗೆದ ತುಣುಕುಗಳನ್ನೆಲ್ಲ, ಕೆಟ್ಟವನ್ನೂ ಸೇರಿಸಿ, ಅಲ್ಲಿಯೇ ಬಿಟ್ಟಿದ್ದೇವೆ. ಗ್ರಂಥಾಲಯದ ಬೀಗದ ದೃಶ್ಯವೂ ಅದರಲ್ಲುಂಟು. ಅದನ್ನು ನಮಗಿಂತ ಚೆನ್ನಾಗಿ ಜೋಡಿಸಬಲ್ಲವರಿದ್ದರೆ ದಯಮಾಡಿ ಬಂದು ಕುಳಿತುಕೊಳ್ಳಿ.