‘ಪವರ್ ಅಂದ್ರೆ ಕರೆಂಟು, ಮಿಸ್’

ಬೋಧನಾಭ್ಯಾಸದ ಎರಡನೇ ವಾರ. 9ನೇ ತರಗತಿ, ‘ಕೆಲಸ ಮತ್ತು ಶಕ್ತಿ’ ಘಟಕ. ಆ ದಿನ ಮಾಡಬೇಕಿದ್ದುದು ಸಾಮರ್ಥ್ಯ. ಪೀಠಿಕೆಗೆಂದು, ‘ಪವರ್ ಅನ್ನೋ ಪದ ಕೇಳಿದ್ದೀರಾ? ಏನು ಹಾಗಂದ್ರೆ?’ ಎಂದು ಕೇಳಿದೆ. ಒಬ್ಬ ಹುಡುಗಿ ತಟ್ಟನೆ ಎದ್ದು, ‘ಪವರ್ ಅಂದ್ರೆ ಕರೆಂಟು, ಮಿಸ್. ನಮ್ ತೋಟಕ್ಕೆ ರಾತ್ರಿ ಬರುತ್ತೆ, ಅಪ್ಪ ಎದ್ದು ಹೋಗಿ ಮೋಟರ್ ಹಾಕ್ತಾರೆ’ ಎಂದಳು. ತರಗತಿ ನಕ್ಕಿತು. ನಾನೂ ನಗುತ್ತಲೇ ‘ತಪ್ಪು, ಕೂತ್ಕೊ’ ಎಂದು ಹೇಳಿ, ಹಲಗೆಯ ಮೇಲೆ ‘ಕೆಲಸ ಮಾಡುವ ದರವೇ ಸಾಮರ್ಥ್ಯ’ ಎಂದು ಬರೆದೆ. ವೀಕ್ಷಣಾ ಪುಸ್ತಕದಲ್ಲಿ ‘ವಿಷಯ ನಿರೂಪಣೆ ಸ್ಪಷ್ಟವಾಗಿದೆ’ ಎಂಬ ಷರಾ ಸಿಕ್ಕಿತು. ಆ ಹುಡುಗಿ ಮಾತ್ರ ಆಮೇಲೆ ನನ್ನ ಯಾವ ಪಾಠದಲ್ಲೂ ಕೈ ಎತ್ತಲಿಲ್ಲ.

ಅವಳು ಹೇಳಿದ್ದು ನಿಜಕ್ಕೂ ತಪ್ಪೇ? ಭೌತವಿಜ್ಞಾನದ ಪ್ರಕಾರ ಕರೆಂಟ್ ಬೇರೆ, ಪವರ್ ಬೇರೆ. ಒಂದನ್ನು ಆಂಪಿಯರ್‌ನಲ್ಲಿ ಅಳೆಯುತ್ತೇವೆ, ಇನ್ನೊಂದನ್ನು ವ್ಯಾಟ್‌ನಲ್ಲಿ. ಆದರೆ ‘ಪವರ್ ಕಟ್’ ಎಂದು ಇಡೀ ಊರೇ ಹೇಳುವಾಗ ಅವಳು ಬೇರೆ ಏನು ಹೇಳಬೇಕಿತ್ತು? ಅಂದು ರಾತ್ರಿ ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ಕೂತು, ಈ ಒಂದು ಪದವನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ ಎಂದು ನೆನಪಿಸಿಕೊಂಡೆವು. ಕನ್ನಡಕದ ಪವರ್ ಮೈನಸ್ ಎರಡು. ‘ಈ ಮಾತ್ರೆ ಪವರ್ ಜಾಸ್ತಿ, ಊಟ ಮಾಡಿ ತಗೊಳ್ಳಿ.’ ಎಲೆಕ್ಷನ್ನಿನಲ್ಲಿ ಗೆದ್ದವರು ಪವರ್‌ಗೆ ಬರುತ್ತಾರೆ. ಜಮೀನಿನ ವ್ಯವಹಾರದಲ್ಲಿ ಪವರ್ ಆಫ್ ಅಟಾರ್ನಿ. ನಮ್ಮ ಅಪ್ಪು ಪವರ್ ಸ್ಟಾರ್. ಗಣಿತದಲ್ಲಿ ಎರಡರ ಪವರ್ ಮೂರು. ಪವರ್ ಬ್ಯಾಂಕ್‌ನದು ಇನ್ನೂ ವಿಚಿತ್ರ. ಅದು ಕೂಡಿಟ್ಟುಕೊಳ್ಳುವುದು ಶಕ್ತಿಯನ್ನು, ಸಾಮರ್ಥ್ಯವನ್ನಲ್ಲ. ಮೇಲೆ ಬರೆದ 10,000 ಎಂಎಎಚ್ ಎಂಬುದೋ ವಿದ್ಯುದಾವೇಶದ ಅಳತೆ. ಹೆಸರಿಟ್ಟ ಕಂಪನಿಯವರಿಗೆ ಯಾರೂ ‘ತಪ್ಪು, ಕೂತ್ಕೊ’ ಎನ್ನಲಿಲ್ಲ.

‘ಅದಕ್ಕೇ ಇಂಗ್ಲಿಷ್ ಪದ ಬಿಟ್ಟು ಪಠ್ಯಪುಸ್ತಕದ ಪದವನ್ನೇ ಬಳಸಬೇಕು’ ಎಂದು ಸಹಪಾಠಿಯೊಬ್ಬರು ಚರ್ಚೆಯಲ್ಲಿ ಹೇಳಿದರು. ಅದರಿಂದ ತೊಂದರೆ ತಪ್ಪುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. 10ನೇ ತರಗತಿಯಲ್ಲಿ ಮಸೂರದ ಸಾಮರ್ಥ್ಯವೂ ಇದೆ, ವಿದ್ಯುತ್ ಸಾಮರ್ಥ್ಯವೂ ಇದೆ. ಮೊದಲನೆಯದು ಸಂಗಮ ದೂರದ ವ್ಯುತ್ಕ್ರಮ, ಏಕಮಾನ ಡಯಾಪ್ಟರ್. ಎರಡನೆಯದರ ಏಕಮಾನ ವ್ಯಾಟ್. ಎರಡಕ್ಕೂ ಸಂಬಂಧವಿಲ್ಲ, ಹೆಸರು ಒಂದೇ. ಮಸೂರದ ಲೆಕ್ಕದ ಉತ್ತರಕ್ಕೆ ವ್ಯಾಟ್ ಎಂದು ಬರೆದ ಮಕ್ಕಳನ್ನು ಕಂಡಿದ್ದೇನೆ. ಗಣಿತದ ಪವರ್ ಕನ್ನಡದಲ್ಲಿ ‘ಘಾತ’ ಆಗುತ್ತದೆ. ಅಪಘಾತ, ಆಘಾತಗಳನ್ನಷ್ಟೇ ಕೇಳಿದ ಮಗುವಿಗೆ ಎರಡರ ಮೇಲೆ ಕೂತ ಪುಟ್ಟ ಮೂರು ಯಾರಿಗೆ ಏನು ಮಾಡಿತು ಎಂದು ತಿಳಿಯುವುದಿಲ್ಲ. ಇನ್ನು ‘ಶಕ್ತಿ’ ಎಂದರೆ 2023ರಿಂದ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಉಚಿತ ಬಸ್ಸು. ಪದವನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಗೊಂದಲ ಹೋಗುವುದಿಲ್ಲ, ಬೇರೆ ಗೊಂದಲ ಬರುತ್ತದೆ, ಅಷ್ಟೇ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಇಂಗ್ಲಿಷಿಗೆ ಹೋದವಳು. ಬಲ, ಶಕ್ತಿ, ಸಾಮರ್ಥ್ಯಗಳಲ್ಲಿ ಯಾವುದು ಪವರ್ ಎಂದು ಗಟ್ಟಿಯಾಗಲು ನನಗೇ ಒಂದು ವರ್ಷ ಹಿಡಿಯಿತು.

ಹಾಗೆ ನೋಡಿದರೆ ವಿಜ್ಞಾನವೂ ಈ ಪದವನ್ನು ಬೀದಿಯಿಂದಲೇ ಎತ್ತಿಕೊಂಡಿದೆ. ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ತಿಳಿಸಲು ಜೇಮ್ಸ್ ವಾಟ್ ಬಳಸಿದ ಅಳತೆಯೇ ಹಾರ್ಸ್ ಪವರ್. ಅದು ಇಂದಿಗೂ ನಮ್ಮ ಬೋರ್‌ವೆಲ್ ಮೋಟರುಗಳ ಮೇಲಿದೆ. ‘ಐದು ಎಚ್‌ಪಿ’ ಎನ್ನದ ರೈತರಿಲ್ಲ. ಒಂದು ಎಚ್‌ಪಿ ಎಂದರೆ ಸುಮಾರು 746 ವ್ಯಾಟ್. ಐದು ಎಚ್‌ಪಿ ಮೋಟರಿನ ತಗಡಿನ ಮೇಲೆ 3.7 ಕಿಲೋವ್ಯಾಟ್ ಎಂದೂ ಅಚ್ಚಾಗಿರುತ್ತದೆ. ಅಂದರೆ ಆ ಹುಡುಗಿಯ ಮನೆಯಲ್ಲಿ ನನ್ನ ಬೋಧನೋಪಕರಣ ಮೊದಲೇ ಇತ್ತು. ನಾನು ಚಾರ್ಟ್ ಮೇಲೆ ಮೆಟ್ಟಿಲು ಹತ್ತುವ ಇಬ್ಬರು ಹುಡುಗರ ಚಿತ್ರ ಬರೆಯುತ್ತಾ ಕೂತಿದ್ದೆ.

ಮರುವಾರ ‘ಬಿ’ ವಿಭಾಗಕ್ಕೆ ಅದೇ ಪಾಠ. ಈ ಸಲ ಪವರ್ ಎಂಬ ಪದ ಎಲ್ಲೆಲ್ಲಿ ಕೇಳಿದ್ದೀರಿ ಎಂದು ಕೇಳಿ, ಬಂದದ್ದನ್ನೆಲ್ಲ ಹಲಗೆಯ ಮೇಲೆ ಬರೆದೆ. ‘ಇವುಗಳಲ್ಲಿ ಎಷ್ಟು ಬೇಗ ಎಂಬ ಮಾತು ಇರುವುದು ಯಾವುದರಲ್ಲಿ?’ ಎಂದೆ. ಸ್ವಲ್ಪ ಹೊತ್ತು ಗದ್ದಲ. ಆಮೇಲೆ ಹಿಂದಿನ ಬೆಂಚಿನಿಂದ, ‘ಮಿಸ್, ನಮ್ದು ಮೂರು ಎಚ್‌ಪಿ, ದೊಡ್ಡಪ್ಪಂದು ಐದು. ತೊಟ್ಟಿ ಒಂದೇ ಅಳತೆ. ಅವರದು ಬೇಗ ತುಂಬುತ್ತೆ’ ಎಂದು ಒಬ್ಬ ಹೇಳಿದ. ಕೆಲಸ ಅಷ್ಟೇ, ಕಾಲ ಕಡಿಮೆ. ವ್ಯಾಖ್ಯೆಯನ್ನು ನಾನು ಬರೆಯುವ ಮೊದಲೇ ಅವರು ಹೇಳಿಯಾಗಿತ್ತು.

ಇದಕ್ಕೆ ಹದಿನಾಲ್ಕು ನಿಮಿಷ ಹೋಯಿತು, ಮೌಲ್ಯಮಾಪನದ ಹಂತ ಉಳಿದುಹೋಯಿತು. ‘ಸಮಯಪಾಲನೆ ಗಮನಿಸಿ’ ಎಂಬ ಷರಾ ಬಂತು. ಮಾರ್ಗದರ್ಶಕರ ಮಾತು ಸುಳ್ಳಲ್ಲ. 40 ನಿಮಿಷದ ಅವಧಿಯಲ್ಲಿ ಪ್ರತಿ ಪದಕ್ಕೂ ಹೀಗೆ ಮಾಡಲಾಗದು. ಆದರೆ ಕೆಲವು ಪದಗಳಿಗೆ ಮಾಡಲೇಬೇಕು. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಪೂರ್ವಜ್ಞಾನ’ ಎಂಬ ಜಾಗವಿದೆ. ಅಲ್ಲಿ ನಾವೆಲ್ಲ ‘ವಿದ್ಯಾರ್ಥಿಗಳು ಕೆಲಸದ ಬಗ್ಗೆ ತಿಳಿದಿದ್ದಾರೆ’ ಎಂದು ಒಂದೇ ಸಾಲು ಬರೆದು ಮುಗಿಸುತ್ತೇವೆ. ಅದರ ಕೆಳಗೆ ಇನ್ನೊಂದು ಕಾಲಂ ಇರಲಿ: ಈ ಪದಕ್ಕೆ ಮಕ್ಕಳ ಮನೆಯಲ್ಲಿ, ಬೀದಿಯಲ್ಲಿ ಏನರ್ಥ? ಅದನ್ನು ತುಂಬಬೇಕಾದರೆ ಪಾಠದ ಹಿಂದಿನ ದಿನ ನಾಲ್ಕು ಮಕ್ಕಳನ್ನಾದರೂ ಮಾತಾಡಿಸಲೇಬೇಕಾಗುತ್ತದೆ.

ಶಾಲೆ ಬಿಡುವ ದಿನ ಆ ಹುಡುಗಿಯನ್ನು ವರಾಂಡದಲ್ಲಿ ಕರೆದು, ‘ನಿಮ್ಮ ಮೋಟರ್ ಎಷ್ಟು ಎಚ್‌ಪಿ?’ ಎಂದು ಕೇಳಿದೆ. ‘ಏಳೂವರೆ’ ಎಂದಳು, ಅಷ್ಟೇ. ನಾನು ಇನ್ನೇನಾದರೂ ಕೇಳುವೆನೇನೋ ಎಂಬಂತೆ ಸ್ವಲ್ಪ ನಿಂತು ಹೋದಳು.

ಮುಂದಿನ ತಿಂಗಳು ನನ್ನ ಪಾಲಿಗೆ 8ನೇ ತರಗತಿಯ ‘ಬಲ ಮತ್ತು ಒತ್ತಡ’ ಬಂದಿದೆ. ಕಾಲಂ ಇಲ್ಲದಿದ್ದರೂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೇನೆ. ಪ್ರೆಶರ್: ಕುಕ್ಕರ್, ಟೈರು, ಅಜ್ಜಿಯ ಬಿ.ಪಿ., ಮದುವೆಗೆ ಮನೆಯವರು ಹಾಕುವುದು. ಕೊನೆಯದು ಮಕ್ಕಳು ಹೇಳಿದ್ದಲ್ಲ, ನನ್ನದೇ.